ಪೌಡರ್ ಬ್ಲೂ ಟ್ಯಾಂಗ್ ಮೀನಿನ ಮೈಮೇಲೆ ಬಿಳಿ ಚುಕ್ಕೆ: ಒಮ್ಮೆ ಮಾಯವಾಗಿ ಮತ್ತೆ ಬಂದಿದೆ, ಮುಂದೇನು?

ಸಿದ್ಧಗಂಗೆ ತಪ್ಪಲು (ತುಮಕೂರು), ಜನವರಿ 14

ಎಲ್ಲರಿಗೂ ನಮಸ್ಕಾರ. ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ಎರಡು ವರ್ಷಗಳಿಂದ ಉಪ್ಪುನೀರಿನ ಅಕ್ವೇರಿಯಂ ಒಂದಿದೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ; ಸುಮಾರು 250 ಲೀಟರ್ ನೀರು ಹಿಡಿಯುತ್ತದೆ. ಎರಡು ಕ್ಲೌನ್ ಮೀನು, ಒಂದು ಡ್ಯಾಮ್ಸೆಲ್, ಒಂದು ಫೈರ್ ಗೋಬಿ, ಜೊತೆಗೆ ಜೊವಾಂಥಿಡ್, ಮಶ್ರೂಮ್ ಮುಂತಾದ ಹವಳದ ಬಳಗದ ಮೆದು ಜೀವಿಗಳು, ಮೀನಿನ ಮೈಮೇಲಿನ ಪರಾವಲಂಬಿಗಳನ್ನು ಹೆಕ್ಕಿ ತಿನ್ನುವ ಎರಡು ಕ್ಲೀನರ್ ಸೀಗಡಿ ಮತ್ತು ಕೆಲವು ಬಸವನಹುಳುಗಳಿವೆ.

ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಅಂಗಡಿಯೊಂದರಿಂದ ಪೌಡರ್ ಬ್ಲೂ ಟ್ಯಾಂಗ್ ತಂದೆ. ಚೀಲವನ್ನು ಅರ್ಧ ಗಂಟೆ ತೇಲಿಬಿಟ್ಟು, ಮೀನನ್ನು ನೇರವಾಗಿ ಟ್ಯಾಂಕಿಗೇ ಬಿಟ್ಟೆ. ಜನವರಿ 2ರಂದು ಅದರ ರೆಕ್ಕೆಗಳ ಮೇಲೆ ಎಂಟು ಹತ್ತು ಬಿಳಿ ಚುಕ್ಕೆಗಳು ಕಂಡವು. ಪರಿಚಿತರೊಬ್ಬರ ಸಲಹೆಯಂತೆ ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಆಹಾರ ಕೊಟ್ಟೆ. 5ನೇ ತಾರೀಕಿನ ಹೊತ್ತಿಗೆ ಒಂದು ಚುಕ್ಕೆಯೂ ಉಳಿದಿರಲಿಲ್ಲ. ವಾಸಿಯಾಯಿತೆಂದು ನಂಬಿದ್ದೆವು. ಆದರೆ ಮೊನ್ನೆ ಬೆಳಿಗ್ಗೆ ದೀಪ ಹಾಕಿದಾಗ ಟ್ಯಾಂಗಿನ ಮೈತುಂಬ ಎಣಿಸಲಾಗದಷ್ಟು ಚುಕ್ಕೆಗಳಿದ್ದವು. ಕ್ಲೌನ್ ಮೀನುಗಳಿಗೂ ಹತ್ತಿವೆ.

ನನ್ನ ಸಂದೇಹಗಳು ಮೂರು. ಬೆಳ್ಳುಳ್ಳಿ ಮೊದಲ ಸಲ ಕೆಲಸ ಮಾಡಿದ್ದು ಈಗೇಕೆ ಮಾಡುತ್ತಿಲ್ಲ? ಕ್ಲೀನರ್ ಸೀಗಡಿಗಳು ಇದ್ದರೂ ರೋಗ ಹೇಗೆ ಹರಡಿತು? ನಮ್ಮ ಮಾವನವರ ತೋಟದಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ (ಕಾಪರ್ ಸಲ್ಫೇಟ್) ಇದೆ. ತಾಮ್ರವೇ ಇದಕ್ಕೆ ಮದ್ದೆಂದು ಓದಿದ್ದೇನೆ, ಅದನ್ನು ಟ್ಯಾಂಕಿಗೆ ಹಾಕಬಹುದೇ?

ಕೋಲಾರದ ಉಪ್ಪುನೀರು (ಕೋಲಾರ), ಜನವರಿ 14

ಮೊದಲು ಮೂರನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಅದು ತುರ್ತಿನದು. ದಯವಿಟ್ಟು ಮೈಲುತುತ್ತವನ್ನು ಆ ಟ್ಯಾಂಕಿನ ಹತ್ತಿರವೂ ತರಬೇಡಿ. ಮೀನಿಗೆ ಮದ್ದಾಗುವ ಪ್ರಮಾಣದ ತಾಮ್ರವೇ ಸೀಗಡಿ, ಬಸವನಹುಳು ಮತ್ತು ಹವಳದ ಬಳಗದ ಜೀವಿಗಳಿಗೆ ವಿಷ. ಅಷ್ಟೇ ಅಲ್ಲ, ಸುಣ್ಣದ ಕಲ್ಲು ಮತ್ತು ಮರಳು ಅದನ್ನು ಹೀರಿಕೊಂಡು ಮದ್ದಿನ ಮಟ್ಟವನ್ನು ಇಳಿಸುತ್ತವೆ, ಆಮೇಲೆ ಮೆಲ್ಲನೆ ಹೊರಬಿಡುತ್ತವೆ.

ಇನ್ನು ರೋಗ ಯಾವುದೆಂದು ಖಚಿತಪಡಿಸಿಕೊಳ್ಳಬೇಕು. ಚುಕ್ಕೆಗಳು ರವೆಯ ಕಾಳಿನಂತೆ ಬಿಡಿಬಿಡಿಯಾಗಿ ಕಾಣುತ್ತಿವೆಯೇ, ಅಥವಾ ಮೈಮೇಲೆ ಹಿಟ್ಟು ಜರಡಿ ಹಿಡಿದಂತೆ ನವಿರಾದ ಪದರವಾಗಿ ಕಾಣುತ್ತಿವೆಯೇ? ರವೆಯಂತಿದ್ದರೆ ಬಹುಮಟ್ಟಿಗೆ ಅದು ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಜೀವಿ, ಹವ್ಯಾಸಿಗಳು ಮೆರೈನ್ ಇಕ್ ಎಂದು ಕರೆಯುವುದು. ಹಿಟ್ಟಿನಂತಿದ್ದು, ಮೀನು ಏದುಸಿರು ಬಿಡುತ್ತಾ ಪಂಪಿನ ಹರಿವಿಗೆ ಎದುರಾಗಿ ನಿಂತು, ಆಹಾರ ಬಿಟ್ಟಿದ್ದರೆ ಅದು ವೆಲ್ವೆಟ್, ಅಂದರೆ ಅಮೈಲೂಡಿನಿಯಂ ಎಂಬ ಇನ್ನೊಂದು ಪರಾವಲಂಬಿ. ವೆಲ್ವೆಟ್ ಮೊದಲು ಕಿವಿರುಗಳಿಗೆ ನುಗ್ಗುವುದರಿಂದ ಮೈಮೇಲೆ ಏನೂ ಕಾಣುವ ಮುನ್ನವೇ ಮೀನು ಸಾಯಬಹುದು. ಅಲ್ಲಿ ವಾರಗಳ ಅವಕಾಶವಿಲ್ಲ, ಕೆಲವೇ ದಿನಗಳಿರುತ್ತವೆ. ಸಂಜೆ ನೋಡಿ ತಿಳಿಸಿ.

ಸಿದ್ಧಗಂಗೆ ತಪ್ಪಲು, ಜನವರಿ 14 (ರಾತ್ರಿ)

ಟಾರ್ಚ್ ಹಿಡಿದು ನೋಡಿದೆ. ರವೆಯಂತೆಯೇ ಇವೆ, ಬಿಡಿಬಿಡಿಯಾಗಿವೆ. ಟ್ಯಾಂಗ್ ಈಗಲೂ ನೋರಿ (ಒಣಗಿಸಿದ ಕಡಲಪಾಚಿಯ ಹಾಳೆ) ತಿನ್ನುತ್ತಿದೆ, ಆದರೆ ಮೊದಲಿಗಿಂತ ಬೇಗ ಉಸಿರಾಡುತ್ತಿದೆ. ಡ್ಯಾಮ್ಸೆಲ್ ಮೈಮೇಲೆ ಚುಕ್ಕೆ ಕಾಣಲಿಲ್ಲ. ಆದರೂ ಅದು ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿದೆ.

ಕೋಲಾರದ ಉಪ್ಪುನೀರು, ಜನವರಿ 15

ಹಾಗಾದರೆ ಇಕ್ ಎಂದೇ ಹಿಡಿದು ಮಾತಾಡೋಣ. ಬೆಳ್ಳುಳ್ಳಿಯ ಒಗಟು ಈ ಜೀವಿಯ ಬದುಕಿನ ಚಕ್ರ ತಿಳಿದರೆ ಬಿಡಿಸಿಕೊಳ್ಳುತ್ತದೆ.

ಕಣ್ಣಿಗೆ ಕಾಣುವ ಚುಕ್ಕೆ ಮೀನಿನ ಚರ್ಮದ ಮೇಲ್ಪದರದ ಕೆಳಗೆ ಸೇರಿಕೊಂಡು ತಿನ್ನುತ್ತಿರುವ ಹಂತ. ಅಲ್ಲಿ ಮೂರರಿಂದ ಏಳು ದಿನ ಇದ್ದು, ಬೆಳೆದ ಮೇಲೆ, ಹೆಚ್ಚಾಗಿ ಕತ್ತಲ ಹೊತ್ತಿನಲ್ಲಿ, ತಾನಾಗಿಯೇ ಮೀನನ್ನು ಬಿಟ್ಟು ಉದುರುತ್ತದೆ. ಉದುರಿದ್ದು ಸತ್ತಿಲ್ಲ. ಕಲ್ಲು, ಮರಳು, ಗಾಜು, ಯಾವುದಾದರೂ ಗಟ್ಟಿ ಮೇಲ್ಮೈಗೆ ಅಂಟಿಕೊಂಡು ಸುತ್ತಲೂ ಗೋಡೆ ಕಟ್ಟಿಕೊಳ್ಳುತ್ತದೆ. ಆ ಕೋಶದೊಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆದು, ಕೊನೆಗೆ ಇನ್ನೂರರಷ್ಟು ಮರಿಗಳು ಹೊರಬಂದು ಮೀನನ್ನು ಹುಡುಕುತ್ತಾ ಈಜುತ್ತವೆ. ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ.

ಈಗ ನಿಮ್ಮ ತಾರೀಕುಗಳನ್ನೇ ಇದರ ಮೇಲಿಟ್ಟು ನೋಡಿ. 2ರಂದು ಕಂಡದ್ದು 5ರಂದು ಉದುರಿತು, ಕೋಶ ಕಟ್ಟಿತು, ವಾರದೊಳಗೆ ಒಡೆಯಿತು, 12ರಂದು ಮುತ್ತಿತು. ಬೆಳ್ಳುಳ್ಳಿ ಕೊಡದಿದ್ದರೂ 5ನೇ ತಾರೀಕಿಗೆ ಚುಕ್ಕೆ ಮಾಯವಾಗುತ್ತಿತ್ತು. ಈ ಹವ್ಯಾಸದಲ್ಲಿ ಹೆಸರು ಗಳಿಸಿರುವ ಎಷ್ಟೋ ಮನೆಮದ್ದುಗಳು ಹೀಗೆ ಆ ಮೂರು ದಿನಗಳ ಪುಣ್ಯದಿಂದ ಗಳಿಸಿದವೇ. ಮೀನಿಗೆ ಊಟದ ಆಸೆ ಹುಟ್ಟಿಸಲು ಬೆಳ್ಳುಳ್ಳಿ ಕೊಡುವುದಕ್ಕೆ ನನ್ನ ತಕರಾರಿಲ್ಲ.

ಸೀಗಡಿಗಳ ಬಗ್ಗೆಯೂ ಅಷ್ಟೇ. ಪರಾವಲಂಬಿ ಚರ್ಮದ ಒಳಗಿರುವುದರಿಂದ ಅವುಗಳ ಚಿಮುಟಕ್ಕೆ ಸಿಗುವುದಿಲ್ಲ. ಕ್ಲೀನರ್ ರಾಸ್ ಮೀನು ಕೂಡ ಸಮುದ್ರದಲ್ಲಿ ಮುಖ್ಯವಾಗಿ ಹೆಕ್ಕಿ ತಿನ್ನುವುದು ನಥಿಯಾ ಎಂಬ ರಕ್ತ ಹೀರುವ ಚಿಕ್ಕ ಹುಳುಗಳನ್ನು, ಇದನ್ನಲ್ಲ. ಇದಕ್ಕೆಂದು ಅದನ್ನು ಕೊಂಡು ತರಬೇಡಿ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ), ಜನವರಿ 15

ಕೋಲಾರದವರ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಇಲ್ಲಿ ಎಲ್ಲರೂ ಕೊನೆಗೆ ಮೀನುಗಳನ್ನೆಲ್ಲ ಹಿಡಿದು ಹೊರತೆಗೆಯಿರಿ ಎನ್ನುವ ಕಡೆಗೇ ಹೋಗುತ್ತಾರೆ. ಆ ಕೆಲಸದ ಹಿಂಸೆಯ ಬಗ್ಗೆ ಯಾರೂ ಹೇಳುವುದಿಲ್ಲ. ನನ್ನ ಟ್ಯಾಂಕಿನಲ್ಲಿ ನಾಲ್ಕು ವರ್ಷಗಳ ಹಿಂದೆ ಇಕ್ ಬಂದಿತ್ತು. ನಾನು ಯು.ವಿ. ದೀಪದ ಸಾಧನ ಹಾಕಿ, ನೀರಿನ ಗುಣಮಟ್ಟ ಕಾಯ್ದುಕೊಂಡು, ದಿನಕ್ಕೆ ಮೂರು ಸಲ ಒಳ್ಳೆಯ ಆಹಾರ ಕೊಟ್ಟೆ. ಯಾವ ಮೀನೂ ಸಾಯಲಿಲ್ಲ, ಕ್ರಮೇಣ ಚುಕ್ಕೆ ಬರುವುದೂ ನಿಂತಿತು. ಹೊಸ ತಳಿ ಒಳಗೆ ಬರದಿದ್ದರೆ, ಒಂದೇ ತಳಿಯ ಕ್ರಿಪ್ಟೊಕ್ಯಾರಿಯಾನ್ ಸುಮಾರು 34 ಪೀಳಿಗೆಗಳ ನಂತರ, ಅಂದರೆ ಹತ್ತು ಹನ್ನೊಂದು ತಿಂಗಳಲ್ಲಿ, ಶಕ್ತಿಗುಂದುತ್ತದೆಂದು ಪ್ರಯೋಗಾಲಯದಲ್ಲಿಯೂ ಕಂಡಿದ್ದಾರೆ. ಮೀನುಗಳಿಗೂ ಒಂದಿಷ್ಟು ರೋಗನಿರೋಧಕ ಶಕ್ತಿ ಬರುತ್ತದೆ.

ಕೋಲಾರದ ಉಪ್ಪುನೀರು, ಜನವರಿ 15

ನಂದಿಯವರೇ, ತಮ್ಮ ಅನುಭವ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಆಗ ತಮ್ಮ ಟ್ಯಾಂಕಿನಲ್ಲಿದ್ದ ಮೀನುಗಳು ಯಾವುವು? ನನ್ನ ನೆನಪು ಸರಿಯಿದ್ದರೆ ಎರಡು ಕ್ಲೌನ್ ಮತ್ತು ಒಂದು ರಾಸ್. ಮೈಮೇಲೆ ದಪ್ಪ ಲೋಳೆ ಇರುವ ಕ್ಲೌನ್ ಮೀನು ತಡೆದುಕೊಳ್ಳುವುದನ್ನು ತೆಳು ಲೋಳೆಯ ಟ್ಯಾಂಗ್ ತಡೆದುಕೊಳ್ಳಲಾರದು. ಟ್ಯಾಂಗುಗಳ ನಡುವೆಯೂ ಪೌಡರ್ ಬ್ಲೂ ಈ ರೋಗಕ್ಕೆ ತುತ್ತಾಗುವುದರಲ್ಲಿ ಎತ್ತಿದ ಕೈ. ಯು.ವಿ. ಸಾಧನ ತನ್ನೊಳಗೆ ಹಾದುಹೋದ ಮರಿಗಳನ್ನು ಮಾತ್ರ ಕೊಲ್ಲುತ್ತದೆ. ಮೀನು ರಾತ್ರಿ ಮಲಗುವ ಕಲ್ಲಿನ ಸಂದಿಯಲ್ಲೇ ಕೋಶ ಒಡೆದರೆ ಮರಿಗೆ ಪಂಪಿನವರೆಗೆ ಹೋಗುವ ಅಗತ್ಯವೇ ಇಲ್ಲ. ಜೊತೆಗೆ, ಹನ್ನೊಂದು ತಿಂಗಳು ಹೊಸದೇನನ್ನೂ ತರದೆ ಇರುವ ಹವ್ಯಾಸಿಯನ್ನು ನಾನಿನ್ನೂ ಕಂಡಿಲ್ಲ, ನನ್ನನ್ನೂ ಸೇರಿಸಿ.

ಇನ್ನೊಂದು ಮಾತು, ತಪ್ಪಾಗಿ ತಿಳಿಯಬೇಡಿ: ನಾಲ್ಕು ಅಡಿಯ ಟ್ಯಾಂಕು ಈ ಟ್ಯಾಂಗಿಗೆ ಎಂದಿಗೂ ಸಾಲದು. ಅಂಗಡಿಯವರು ಅದನ್ನು ಹೇಳಬೇಕಿತ್ತು.

ರೇಷ್ಮೆಮನೆ (ಶಿಡ್ಲಘಟ್ಟ), ಜನವರಿ 16

ನಮ್ಮದು ರೇಷ್ಮೆ ಸಾಕುವ ಮನೆ. ಈ ಚರ್ಚೆ ಓದುತ್ತಿದ್ದರೆ ನಮ್ಮ ತಂದೆಯವರ ಮಾತೇ ಕೇಳಿದಂತಾಗುತ್ತದೆ. ಒಂದು ಬೆಳೆಯ ಗೂಡು ಬಿಡಿಸಿದ ಮೇಲೆ ಹುಳುಮನೆ ತೊಳೆದು, ತಟ್ಟೆ ಚಂದ್ರಿಕೆಗಳನ್ನು ಬಿಸಿಲಿಗಿಟ್ಟು, ಬ್ಲೀಚಿಂಗ್ ಪೌಡರ್ ಹೊಡೆದು, ಕೆಲವು ದಿನ ಖಾಲಿ ಬಿಡದೆ ಮುಂದಿನ ಚಾಕಿ (ಎಳೆಯ) ಹುಳುವನ್ನು ಒಳಗೆ ತರುವುದಿಲ್ಲ. ಮೊಟ್ಟೆಯನ್ನೂ ಹಾಗೆಯೇ ಕೊಳ್ಳುವುದಿಲ್ಲ. ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟುರೋಗವಿಲ್ಲವೆಂದು ಖಚಿತವಾದ ಮೊಟ್ಟೆಯನ್ನೇ ತರುತ್ತೇವೆ. ಹುಳುವಿಗೆ ಇಷ್ಟು ಮಾಡುವ ನಾನೇ, ಮೊದಲ ಉಪ್ಪುನೀರಿನ ಮೀನನ್ನು ತಂದಾಗ ಸೀದಾ ಟ್ಯಾಂಕಿಗೆ ಬಿಟ್ಟು ಐದು ಮೀನು ಕಳೆದುಕೊಂಡೆ.

ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಹುಳುಮನೆಗೆ ಬ್ಲೀಚಿಂಗ್ ಹೊಡೆಯಬಹುದು, ಹವಳದ ಟ್ಯಾಂಕಿಗೆ ಏನನ್ನೂ ಹೊಡೆಯಲಾಗದು. ಅಲ್ಲಿ ನಮ್ಮ ಕೈಯಲ್ಲಿರುವುದು ಖಾಲಿ ಬಿಡುವುದೊಂದೇ. ಮೀನಿಲ್ಲದೆ ಎಷ್ಟು ದಿನ ಬಿಡಬೇಕೆಂಬುದಕ್ಕೆ 1997ರಲ್ಲಿ ಕೊಲೊರ್ನಿ ಮತ್ತು ಬರ್ಜೆಸ್ ಬರೆದ ಪರಿಶೀಲನಾ ಲೇಖನ ಆಧಾರ: ಕೋಶಗಳು ಮೂರನೆಯ ದಿನದಿಂದಲೇ ಒಡೆಯಲು ತೊಡಗಿದರೂ ತೀರಾ ತಡವಾಗಿ ಒಡೆಯುವವು 72 ದಿನ ತೆಗೆದುಕೊಳ್ಳಬಹುದು. ಕೊನೆಯ ಮರಿಗಳು ಸಾಯಲು ನಾಲ್ಕು ದಿನ ಸೇರಿಸಿ ಹವ್ಯಾಸಿಗಳು 76 ದಿನ ಎಂದು ಇಟ್ಟುಕೊಂಡಿದ್ದಾರೆ. ಬೆಚ್ಚಗಿನ ನೀರಿನಲ್ಲಿ ಹೆಚ್ಚಿನವು ನಾಲ್ಕು ವಾರದೊಳಗೇ ಒಡೆಯುತ್ತವೆ, ನಿಜ. ಆದರೆ ಒಂದೇ ಒಂದು ಕೋಶ ಉಳಿದರೂ ಇನ್ನೂರು ಮರಿ.

ಸಿದ್ಧಗಂಗೆ ತಪ್ಪಲು, ಜನವರಿ 16

76 ದಿನವೆಂದರೆ ಎರಡೂವರೆ ತಿಂಗಳು. ಮನೆಯವರನ್ನು ಒಪ್ಪಿಸುವುದೇ ಮೊದಲ ಚಿಕಿತ್ಸೆ. ಇರಲಿ. ಮೀನುಗಳನ್ನು ಹೊರತೆಗೆದ ಮೇಲೆ ಪ್ರತ್ಯೇಕ ತೊಟ್ಟಿಯಲ್ಲಿಯಾದರೂ ಆ ಮೈಲುತುತ್ತವನ್ನು ಬಳಸಬಹುದೇ?

ಕೋಲಾರದ ಉಪ್ಪುನೀರು, ಜನವರಿ 16

ಲೆಕ್ಕ ಹಾಕಿ ತೋರಿಸುತ್ತೇನೆ, ನೀವೇ ತೀರ್ಮಾನಿಸಿ. ಬಿಡಿ ತಾಮ್ರದ ಮದ್ದಿನ ಮಟ್ಟ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಕೆಳಗಿಳಿದರೆ ಪರಾವಲಂಬಿ ಬದುಕುತ್ತದೆ, ಮೇಲೇರಿದರೆ ಮೀನಿಗೆ ತೊಂದರೆ. ಮೈಲುತುತ್ತದ ತೂಕದಲ್ಲಿ ತಾಮ್ರ ಇರುವುದು ಕಾಲು ಭಾಗ. 50 ಲೀಟರ್ ನೀರಿಗೆ ಬೇಕಾದ ತಾಮ್ರ 10 ಮಿಲಿಗ್ರಾಂ, ಅಂದರೆ ಮೈಲುತುತ್ತ 40 ಮಿಲಿಗ್ರಾಂನಷ್ಟು. ಉಗುರಿನ ತುದಿಯಲ್ಲಿ ನಿಲ್ಲುವಷ್ಟು. ಒಂದು ಲೀಟರ್ ಶುದ್ಧ ನೀರಿಗೆ 4 ಗ್ರಾಂ ಕರಗಿಸಿ ಅದರಿಂದ 10 ಮಿಲಿಲೀಟರ್ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ತೋಟಕ್ಕೆ ಮಾರುವ ಪುಡಿಯಲ್ಲಿ ಬೇರೇನಿದೆಯೋ ಯಾರೂ ಬರೆದಿರುವುದಿಲ್ಲ. ಅಲ್ಲದೆ ಉಪ್ಪುನೀರಿನ ಕಾರ್ಬೊನೇಟ್ ಜೊತೆ ಸೇರಿ ಬಿಡಿ ತಾಮ್ರ ತಳಕ್ಕಿಳಿಯುತ್ತಲೇ ಇರುವುದರಿಂದ ದಿನಕ್ಕೆರಡು ಸಲ ಅಳೆಯಬೇಕು. ಮೀನಿಗೆಂದೇ ತಯಾರಿಸಿದ, ಕೀಲೇಟ್ ಮಾಡಿದ, ಅಂದರೆ ಬೇರೊಂದು ಅಣುವಿಗೆ ಕಟ್ಟಿದ ತಾಮ್ರ ಹೆಚ್ಚು ಸ್ಥಿರ; ಅದರ ಮಟ್ಟ ಲೀಟರಿಗೆ 2ರಿಂದ 2.5 ಮಿಲಿಗ್ರಾಂ, ಅವಧಿ ಸಾಮಾನ್ಯವಾಗಿ 30 ದಿನ. ಎರಡರ ಅಂಕಿಗಳನ್ನು ಅದಲುಬದಲು ಮಾಡಿಕೊಂಡವರು ಒಂದೇ ರಾತ್ರಿಯಲ್ಲಿ ಎಲ್ಲ ಮೀನು ಕೊಂದಿದ್ದಾರೆ. ತಾಮ್ರವಿರುವ ನೀರಿಗೆ ಅಮೋನಿಯಾ ಕಟ್ಟುವ ರಾಸಾಯನಿಕವನ್ನೂ ಹಾಕಬಾರದು, ಅದು ತಾಮ್ರವನ್ನು ಇನ್ನಷ್ಟು ವಿಷಕಾರಿಯಾಗಿಸುತ್ತದೆ.

ವೆಲ್ವೆಟ್ ಆಗಿದ್ದರೆ ತಾಮ್ರವನ್ನೇ ಹಿಡಿಯಿರಿ ಎನ್ನುತ್ತಿದ್ದೆ. ಇಕ್‌ಗೆ ಮದ್ದಿಲ್ಲದ ದಾರಿ ಇದೆ. ಎರಡು ಪ್ಲಾಸ್ಟಿಕ್ ಟಬ್ ಇಟ್ಟುಕೊಂಡು, ಪ್ರತಿ 72 ಗಂಟೆಯೊಳಗೆ ಮೀನನ್ನು ಒಂದರಿಂದ ಇನ್ನೊಂದಕ್ಕೆ, ಪ್ರತಿ ಸಲವೂ ಹೊಸ ನೀರಿಗೆ ವರ್ಗಾಯಿಸುವುದು. ಮೊದಲ ದಿನ ಟ್ಯಾಂಕಿನಿಂದ ಟಬ್ಬಿಗೆ. ಆಮೇಲೆ 4, 7, 10, 13ನೇ ದಿನ. ಉದುರಿದ ಪರಾವಲಂಬಿ ಕೋಶ ಕಟ್ಟಿ ಒಡೆಯಲು ಕನಿಷ್ಠ ಮೂರು ದಿನ ಬೇಕಲ್ಲವೇ? ಅದು ಒಡೆಯುವ ಹೊತ್ತಿಗೆ ಮೀನು ಅಲ್ಲಿರುವುದಿಲ್ಲ. ಬಿಟ್ಟ ಟಬ್ಬು, ಗಾಳಿಕಲ್ಲು, ಬಲೆ, ಪೈಪು ಎಲ್ಲವನ್ನೂ ತೊಳೆದು ಪೂರ್ತಿ ಒಣಗಿಸಬೇಕು. ಒಣಗಿದರೆ ಕೋಶ ಸಾಯುತ್ತದೆ. ತುಮಕೂರಿನ ಬಿಸಿಲು ಆ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ.

ರೇಷ್ಮೆಮನೆ, ಜನವರಿ 16

ಟಬ್ಬುಗಳನ್ನು ಟ್ಯಾಂಕಿನ ಪಕ್ಕದಲ್ಲಿಯೇ ಇಡಬೇಡಿ, ಸಾಧ್ಯವಾದರೆ ಬೇರೆ ಕೋಣೆಯಲ್ಲಿಡಿ. ವೆಲ್ವೆಟ್ ಜೀವಿ ಗಾಳಿಯಲ್ಲಿ ಹಾರುವ ನೀರಿನ ತುಂತುರಿನೊಂದಿಗೆ ಮೂರು ಮೀಟರಿನವರೆಗೂ ದಾಟಬಲ್ಲದು. ಟಬ್ಬಿನಲ್ಲಿ ಅದ್ದಿದ ಕೈಯನ್ನು ತೊಳೆಯದೆ ಟ್ಯಾಂಕಿಗೆ ಇಡುವ ಅಭ್ಯಾಸ ಅದಕ್ಕಿಂತ ಅಪಾಯಕಾರಿ. ನೀರಿನ ಉಪ್ಪಿನಂಶ ಇಳಿಸುವ ವಿಧಾನದ ಬಗ್ಗೆಯೂ ಯಾರಾದರೂ ಹೇಳಿಯಾರು, ಸಾಂದ್ರತೆಯನ್ನು 1.009ಕ್ಕೆ ಇಳಿಸಿ 30 ದಿನ ಕಾಯುವುದದು. ನಾನು ಮಾಡಿದ್ದೇನೆ, ಫಲಿಸಿದೆ. ಆದರೆ ಮಾಪಕ ಸರಿಯಾಗಿರದೆ 1.011ರಲ್ಲಿ ನಿಂತರೆ ಒಂದು ತಿಂಗಳ ಶ್ರಮ ವ್ಯರ್ಥ, ಕೆಲವು ತಳಿಗಳು ತಡೆದುಕೊಳ್ಳುವುದೂ ಉಂಟು, ವೆಲ್ವೆಟ್‌ಗಂತೂ ಅದು ಲೆಕ್ಕಕ್ಕಿಲ್ಲ.

ಸಿದ್ಧಗಂಗೆ ತಪ್ಪಲು, ಜನವರಿ 21

18ರ ಭಾನುವಾರ ಮೀನು ಹಿಡಿದೆವು. ನಂದಿಯವರು ಹೇಳಿದ ಹಿಂಸೆ ಅಕ್ಷರಶಃ ನಿಜ. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿ, ಅರ್ಧ ನೀರು ಡ್ರಮ್ಮಿಗೆ ತೆಗೆದು, ಕಲ್ಲುಗಳನ್ನೆಲ್ಲ ಬಕೆಟ್ಟಿಗಿಳಿಸಿದರೂ ಫೈರ್ ಗೋಬಿ ಸಿಕ್ಕಿದ್ದು ಸಂಜೆ ನಾಲ್ಕಕ್ಕೆ. ಇಂದು ಎರಡನೆಯ ಟಬ್ಬಿಗೆ ವರ್ಗಾಯಿಸಿದ್ದೇನೆ.

ದುಃಖದ ಸಂಗತಿಯೆಂದರೆ ಟ್ಯಾಂಗ್ ನಿನ್ನೆ ರಾತ್ರಿ ಸತ್ತಿತು. ಕಿವಿರುಗಳು ಬಿಳಚಿಕೊಂಡು ಲೋಳೆ ತುಂಬಿತ್ತು. ಜನವರಿ 2ರಂದೇ ಇಲ್ಲಿ ಕೇಳಿದ್ದರೆ ಉಳಿಯುತ್ತಿತ್ತೇನೋ.

ನಂದಿ ತಪ್ಪಲು, ಜನವರಿ 21

ಬೇಸರದ ಸುದ್ದಿ. ನನ್ನ ಸಲಹೆಯಂತೆ ನಡೆದಿದ್ದರೂ ಅದು ಉಳಿಯುತ್ತಿರಲಿಲ್ಲವೆಂದು ಈಗ ಅನ್ನಿಸುತ್ತಿದೆ. ಉಳಿದವುಗಳಿಗೆ ಗಾಳಿ ಜೋರಾಗಿ ಕೊಡಿ, ಕರೆಂಟು ಹೋದಾಗ ಬ್ಯಾಟರಿಯ ಗಾಳಿ ಪಂಪು ಕೈಗೆ ಸಿಗುವಂತಿರಲಿ.

ಸಿದ್ಧಗಂಗೆ ತಪ್ಪಲು, ಫೆಬ್ರವರಿ 2

ಜನವರಿ 30ಕ್ಕೆ ವರ್ಗಾವಣೆಗಳು ಮುಗಿದವು. ಸಲಕ್ಕೆ 45 ಲೀಟರಿನಂತೆ ಐದು ಸಲ ಹೊಸ ನೀರು. ಎಂಟು ಕಿಲೋ ಉಪ್ಪು ಹಿಡಿಯಿತು. ಯಾವ ಮೀನಿನ ಮೇಲೂ ಚುಕ್ಕೆಯಿಲ್ಲ. ಆದರೆ ಡ್ಯಾಮ್ಸೆಲ್ ಈಗಲೂ ಪೈಪಿಗೆ ಮೈ ಉಜ್ಜುತ್ತದೆ, ಒಂದು ಕಣ್ಣು ಮಬ್ಬಾಗಿದೆ. ನಾನೆಲ್ಲಾದರೂ ತಪ್ಪಿದೆನೇ?

ಕೋಲಾರದ ಉಪ್ಪುನೀರು, ಫೆಬ್ರವರಿ 2

ತಪ್ಪಿದ್ದು ನಾನು. ಮೊದಲ ದಿನವೇ ನೀವು ಚುಕ್ಕೆಯಿಲ್ಲದ ಡ್ಯಾಮ್ಸೆಲ್ ಮೈ ಉಜ್ಜುತ್ತಿದೆ ಎಂದು ಬರೆದಿದ್ದಿರಿ, ನಾನು ಅದನ್ನು ಇಕ್ ಖಾತೆಗೇ ಜಮಾ ಮಾಡಿದೆ. ಇದು ಫ್ಲೂಕ್, ಅಂದರೆ ಚರ್ಮಕ್ಕಂಟುವ ಚಪ್ಪಟೆ ಹುಳು ಇರಬಹುದು. ಮೈಮೇಲಿರುವಾಗ ಪಾರದರ್ಶಕವಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಪರೀಕ್ಷೆ ಸುಲಭ, ಸಿಹಿನೀರಿನಲ್ಲಿ ಅದು ಬೆಳ್ಳಗಾಗಿ ಕಳಚಿ ಬೀಳುತ್ತದೆ. ಆರ್.ಒ. ನೀರನ್ನು ಟಬ್ಬಿನಷ್ಟೇ ಉಷ್ಣತೆಗೆ ತಂದು, ಚಿಟಿಕೆ ಅಡುಗೆ ಸೋಡಾದಿಂದ ಪಿ.ಎಚ್. ಸರಿಹೊಂದಿಸಿ, ಅರ್ಧ ಗಂಟೆ ಗಾಳಿ ಬಿಟ್ಟು, ಕಪ್ಪು ತಳದ ಪಾತ್ರೆಯಲ್ಲಿ ಮೀನನ್ನು ಐದು ನಿಮಿಷ ಇರಿಸಿ. ಮೀನು ಮಗ್ಗುಲಾಗಿ ಬಿದ್ದು ಚಲನೆ ನಿಲ್ಲಿಸಿದರೆ ತಕ್ಷಣ ಹಿಂದಕ್ಕೆ ಹಾಕಿ. ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ: ಸಿಹಿನೀರೆಂದರೆ ಕೊಳವೆಬಾವಿಯ ನೀರಲ್ಲ, ನಮ್ಮ ಬೋರಿನ ನೀರು ಕಾಫಿ ಪಾತ್ರೆಗೇ ಬಿಳಿ ಪದರ ಹಿಡಿಸುತ್ತದೆ.

ಸಿದ್ಧಗಂಗೆ ತಪ್ಪಲು, ಫೆಬ್ರವರಿ 3

ನಾಲ್ಕನೆಯ ನಿಮಿಷಕ್ಕೆ ಎಳ್ಳಿನ ಗಾತ್ರದ ಏಳು ಬಿಳಿ ಹುಳುಗಳು ತಳದಲ್ಲಿದ್ದವು. ಒಂದು ಕಣ್ಣಿನಿಂದಲೇ ಕಳಚಿ ಬಿದ್ದದ್ದನ್ನು ನೋಡಿದೆ. ಮನೆಯವರೆಲ್ಲ ಸುತ್ತ ನಿಂತು ನೋಡಿದರು, ಆ ದಿನ ಯಾರೂ ಎಳ್ಳುಂಡೆ ಮುಟ್ಟಲಿಲ್ಲ.

ರೇಷ್ಮೆಮನೆ, ಫೆಬ್ರವರಿ 3

ನಿಯೊಬೆನೆಡೇನಿಯಾ ಜಾತಿಯದಿರಬೇಕು. ಸಿಹಿನೀರಿನ ಸ್ನಾನ ದೊಡ್ಡ ಹುಳುಗಳನ್ನು ಉದುರಿಸುತ್ತದೆ, ಎಲ್ಲವನ್ನೂ ಅಲ್ಲ. ಪ್ರಾಜಿಕ್ವಾಂಟೆಲ್ ಎಂಬ ಜಂತುಹುಳುವಿನ ಔಷಧಿಯನ್ನು ಲೀಟರಿಗೆ 2.5 ಮಿಲಿಗ್ರಾಂನಂತೆ, ಅಂದರೆ ನಿಮ್ಮ 45 ಲೀಟರಿಗೆ 110 ಮಿಲಿಗ್ರಾಂ ಕೊಡಿ. ಅದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಚೆನ್ನಾಗಿ ಕಲಕಿ ಹಾಕಬೇಕು. ಹುಳು ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಆದ್ದರಿಂದ ವಾರದ ನಂತರ ನೀರು ಬದಲಿಸಿ ಎರಡನೆಯ ಸಲ ಕೊಡಬೇಕು. ಔಷಧಿ ಬಿದ್ದ ಮೇಲೆ ಬ್ಯಾಕ್ಟೀರಿಯಾ ಹೆಚ್ಚಿ ನೀರು ಮಬ್ಬಾಗಬಹುದು, ಆಮ್ಲಜನಕ ಇಳಿಯಬಹುದು. ಗಾಳಿ ಪಂಪು ನಿಲ್ಲದಿರಲಿ. ದೊಡ್ಡ ಟ್ಯಾಂಕಿನ ಚಿಂತೆ ಬೇಡ, ಮೀನಿಲ್ಲದ 76 ದಿನಗಳಲ್ಲಿ ಅಲ್ಲಿನ ಫ್ಲೂಕ್ ಮರಿಗಳೂ ಆಸರೆಯಿಲ್ಲದೆ ಸಾಯುತ್ತವೆ.

ಸಿದ್ಧಗಂಗೆ ತಪ್ಪಲು, ಮಾರ್ಚ್ 9

50ನೇ ದಿನ. ನಾಲ್ಕೂ ಮೀನುಗಳು ಎರಡಡಿಯ ಗಾಜಿನ ತೊಟ್ಟಿಯಲ್ಲಿ ಚೆನ್ನಾಗಿವೆ. ಆದರೆ ಖಾಲಿ ಟ್ಯಾಂಕಿನ ಮರಳಿನ ಮೇಲೆ ಕಂದು ಲೋಳೆಯ ಎಳೆಗಳು ಹಬ್ಬುತ್ತಿವೆ, ಜೊವಾಂಥಿಡ್ ಮುದುಡಿವೆ. ನೈಟ್ರೇಟ್ ಸೊನ್ನೆ ತೋರಿಸುತ್ತಿದೆ. ಸೊನ್ನೆ ಒಳ್ಳೆಯದಲ್ಲವೇ?

ನಂದಿ ತಪ್ಪಲು, ಮಾರ್ಚ್ 9

ಅಲ್ಲ. ಮೀನಿಲ್ಲ, ಊಟ ಬೀಳುತ್ತಿಲ್ಲ, ಹವಳದ ಬಳಗ ಉಪವಾಸವಿದೆ; ಆ ತೆರವಿನಲ್ಲಿ ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿ ಬೆಳೆಯುತ್ತಿದೆ. ದಿನ ಬಿಟ್ಟು ದಿನ ಒಂದು ಚೂರು ಹೆಪ್ಪುಗಟ್ಟಿಸಿದ ಮೈಸಿಸ್ (ಸೀಗಡಿಯಂಥ ಪುಟ್ಟ ಜೀವಿ) ಹಾಕಿ, ಸೀಗಡಿಗಳೂ ತಿನ್ನುತ್ತವೆ. ಕಲ್ಮಶವನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರನ್ನು ಸ್ವಲ್ಪ ಹೊತ್ತು ನಿಲ್ಲಿಸಿ. ಬಿಸಿಲು ಏರುತ್ತಿದೆ, ನೀರು 28 ಡಿಗ್ರಿ ದಾಟದಂತೆ ಫ್ಯಾನ್ ಇಡಿ. ಮತ್ತೊಂದು ಮಾತು: ಖಾಲಿ ಜಾಗ ನೋಡಿ ಗಟ್ಟಿ ಹವಳ ಕೊಳ್ಳುವ ಆಸೆಯಾದರೆ, ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ ಎಂಬುದು ನೆನಪಿರಲಿ, ಅಂಗಡಿಯವರು ಏನೇ ಹೇಳಲಿ.

ಸಿದ್ಧಗಂಗೆ ತಪ್ಪಲು, ಏಪ್ರಿಲ್ 20

ಏಪ್ರಿಲ್ 4ಕ್ಕೆ 76 ದಿನ ತುಂಬಿತ್ತು. 5ರಂದು ನಾಲ್ಕೂ ಮೀನುಗಳನ್ನು ಹಿಂದಕ್ಕೆ ಬಿಟ್ಟೆ. ಇಂದಿಗೆ ಹದಿನೈದು ದಿನ. ದಿನವೂ ಬೆಳಿಗ್ಗೆ ಟಾರ್ಚ್ ಹಿಡಿದು ನೋಡುತ್ತೇನೆ, ಚುಕ್ಕೆಯಿಲ್ಲ, ಉಜ್ಜುವುದೂ ಇಲ್ಲ. ಡ್ಯಾಮ್ಸೆಲ್ ಕಣ್ಣು ತಿಳಿಯಾಗಿದೆ, ಸೀಗಡಿಗಳ ಮೇಲೆ ಹಳೆಯ ದಬ್ಬಾಳಿಕೆಯನ್ನೂ ಆರಂಭಿಸಿದೆ. ಕಂದು ಲೋಳೆ ಇನ್ನೂ ಒಂದು ಮೂಲೆಯಲ್ಲಿ ಉಳಿದಿದೆ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಪಾಚಿ ತಿನ್ನಲು ಇನ್ನೂ ಆರು ಬಸವನಹುಳು ತರಬೇಕೆಂದಿದ್ದೇನೆ. ಅವು ಮೀನಲ್ಲವಲ್ಲ, ಸೀದಾ ಬಿಡಬಹುದೇ?

ಕೋಲಾರದ ಉಪ್ಪುನೀರು, ಏಪ್ರಿಲ್ 20

ಬಿಡಬಾರದು. ಅವಕ್ಕೆ ರೋಗ ಬರುವುದಿಲ್ಲ, ಆದರೆ ಅಂಗಡಿಯ ಮೀನಿನ ತೊಟ್ಟಿಯಲ್ಲಿದ್ದ ಬಸವನಹುಳುವಿನ ಚಿಪ್ಪೂ ಕೋಶಕ್ಕೆ ಒಂದು ಕಲ್ಲೇ. ಮೀನಿಲ್ಲದ ಬೇರೆ ಟಬ್ಬಿನಲ್ಲಿ ಅದೇ 76 ದಿನ. ಒಂದು ಗಾಳಿಕಲ್ಲು, ವಾರಕ್ಕೊಮ್ಮೆ ಸ್ವಲ್ಪ ಹೊಸ ನೀರು, ತಿನ್ನಲು ಒಂದು ಚೂರು ನೋರಿ ಸಾಕು. ಟ್ಯಾಂಗಿಗೆಂದು ತಂದ ನೋರಿ ಮಿಕ್ಕಿರಬಹುದು.